ಅಮ್ಮನಿಗೆ ತಂಪು ನೀರು: ಮನೆಯಲ್ಲಿ ಮಾಡುವ ಕೆಮೆಟಿಕ್ ಅಖು ವಿಧಿ

ಪ್ರಶ್ನೆ: ಅಮ್ಮ ತೀರಿಕೊಂಡು ಐದು ತಿಂಗಳಾಯಿತು. ಶ್ರಾದ್ಧ, ತರ್ಪಣ ಎಲ್ಲ ಅಣ್ಣ ನೋಡಿಕೊಳ್ಳುತ್ತಾನೆ. ನಾನು ಎರಡು ವರ್ಷದಿಂದ ಕೆಮೆಟಿಕ್ ಪದ್ಧತಿ, ಅಂದರೆ ಪ್ರಾಚೀನ ಈಜಿಪ್ಟಿನ ಧರ್ಮದ ಆಚರಣೆ, ಅನುಸರಿಸುತ್ತಿದ್ದೇನೆ. ಅಮ್ಮನಿಗೆ ಆ ರೀತಿಯಲ್ಲಿ ಮನೆಯಲ್ಲೇ ಏನಾದರೂ ಮಾಡಬೇಕೆಂದಿದೆ. ಬಾಡಿಗೆಯ ಎರಡು ಕೋಣೆ ಮನೆ. ಏನೇನು ಬೇಕು, ಯಾವ ಕ್ರಮ? ಹೆಣ್ಣುಮಗಳು ಮಾಡಬಹುದೇ? ಅಮ್ಮ ಸಸ್ಯಾಹಾರಿ, ಬಿಯರ್, ಮಾಂಸ ಇಡಲೇಬೇಕೇ?

ಉತ್ತರ: ಹೆಣ್ಣುಮಗಳು ಮಾಡಬಹುದೇ ಎಂಬುದರಿಂದಲೇ ಶುರು ಮಾಡುತ್ತೇನೆ. ಆ ಅನುಮಾನ ಮನಸ್ಸಿನಲ್ಲಿದ್ದರೆ ಕೈ ನಡುಗುತ್ತದೆ.

ಮಾಡಬಹುದು. ತಂದೆಗೆ ಎಡೆಯಿಡುವ ಹಿರಿಮಗನನ್ನು, ಸತ್ತವರ ಲೋಕದ ಒಡೆಯ ಒಸೈರಿಸ್‌ಗೆ ಅವನ ಮಗ ಹೋರಸ್ ಇದ್ದ ಹಾಗೆ, ಈಜಿಪ್ಟಿನವರು ಆದರ್ಶವೆಂದು ಹಾಡಿದ್ದು ನಿಜ. ಆದರೆ ಆಚರಣೆಯಲ್ಲಿ ಬಾಗಿಲು ಹೆಣ್ಣಿಗೆ ಮುಚ್ಚಿರಲಿಲ್ಲ. ದಕ್ಷಿಣ ಈಜಿಪ್ಟಿನ ಗುಡಿಯ ದ್ವೀಪ ಫಿಲೆಯ ಪಕ್ಕದ ಬಿಗ್ಗೆ ದ್ವೀಪದಲ್ಲಿ ಒಸೈರಿಸ್‌ನ ಸಮಾಧಿಗೆ ಹತ್ತು ದಿನಕ್ಕೊಮ್ಮೆ ನೀರೆರೆಯಲು ಹೋಗುತ್ತಿದ್ದದ್ದು ಅವನ ಹೆಂಡತಿ ಐಸಿಸ್ ದೇವಿ. ಗ್ರೀಕ್ ಮೂಲದ ಟಾಲಮಿ ಅರಸರ ಕಾಲದಲ್ಲಿ, ಇಂದಿನ ಲಕ್ಸರ್ ಆದ ಥೀಬ್ಸ್‌ನಲ್ಲಿ ಸತ್ತವರಿಗೆ ನೀರೆರೆಯುವುದನ್ನೇ ಕಸುಬಾಗಿಸಿಕೊಂಡ ಮನೆತನಗಳಿದ್ದವು. ಅವರನ್ನು ವಾಹ್-ಮು, ‘ನೀರೆರೆಯುವವರು’, ಎನ್ನುತ್ತಿದ್ದರು. ಅವರಲ್ಲಿ ಹೆಂಗಸರೂ ಇದ್ದರು. ಅಣ್ಣ ಮಾಡುವುದಕ್ಕೂ ನೀವು ಮಾಡುವುದಕ್ಕೂ ಇಲ್ಲಿ ಸ್ಪರ್ಧೆಯಿಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಫಿಲೆಯ ಗುಡಿ 6ನೇ ಶತಮಾನದಲ್ಲಿ ಮುಚ್ಚಿದ ಮೇಲೆ ಈ ಪರಂಪರೆ ಕಡಿದುಹೋಗಿದೆ. ಇಂದು ಮನೆಗಳಲ್ಲಿ ನಡೆಯುವುದು ಗೋರಿಗಳ ಬರಹ, ಕಲ್ಲು, ಪಪೈರಸ್‌ಗಳಿಂದ ಮತ್ತೆ ಕಟ್ಟಿಕೊಂಡ ರೂಪ. ಹಾಗಾಗಿ ಯಾವುದು ಹಳೆಯದು, ಯಾವುದು ಇಂದಿನವರ ರೂಢಿ ಎಂದು ಅಲ್ಲಲ್ಲೇ ಬೇರ್ಪಡಿಸಿ ಹೇಳುತ್ತೇನೆ. ಎರಡಕ್ಕೂ ಬೆಲೆಯಿದೆ, ಬೆರೆಸಿಬಿಟ್ಟರೆ ಮಾತ್ರ ಗೊಂದಲ.

ಸತ್ತವರೆಲ್ಲ ತಾವಾಗಿಯೇ ‘ಅಖ್’ ಆಗುವುದಿಲ್ಲ ಎಂಬುದು ಹಳೆಯ ನಂಬಿಕೆ. ಅಖ್ ಅಂದರೆ ಬೆಳಗಿದವರು, ಕೆಲಸ ಮಾಡಬಲ್ಲವರು; ಅಖು ಅದರ ಬಹುವಚನ. ಒಸೈರಿಸ್‌ನ ಮುಂದೆ ನ್ಯಾಯ ಗೆದ್ದವರನ್ನು ‘ಮಾ-ಖೆರು’, ‘ನಿಜದ ದನಿಯವರು’, ಎಂದು ಕರೆದರು. ಇವುಗಳೊಡನೆ ಇನ್ನೆರಡು ಮಾತು ನಿಮಗೆ ದಿನವೂ ಬೇಕು: ‘ಕಾ’, ಉಂಡು ಪೋಷಣೆ ಪಡೆಯುವ ಜೀವಶಕ್ತಿ, ‘ಬಾ’, ಮನುಷ್ಯಮುಖದ ಹಕ್ಕಿಯಾಗಿ ಹೋಗಿಬರುವ ಚೈತನ್ಯ. ನೀವು ಇಡುವ ಎಡೆ ಕಾ ಎಂಬುದಕ್ಕೆ, ಕರೆಯುವ ಹೆಸರು ಇಡೀ ವ್ಯಕ್ತಿಗೆ. ದೇಹವನ್ನು ಸಿದ್ಧಪಡಿಸಿ ಹೂಳುವುದಕ್ಕೆ 70 ದಿನ ಹಿಡಿಯುತ್ತಿದ್ದುದರಿಂದ ಇಂದಿನ ಹಲವರು 70 ದಿನ ಕಾದು ನಂತರ ಅಖು ಎಂದು ಕರೆಯುತ್ತಾರೆ. ನಿಮಗೆ ಆ ಗಡಿ ದಾಟಿದೆ.

ಜಾಗ ದೊಡ್ಡದಾಗಿರಬೇಕಿಲ್ಲ. ಲಕ್ಸರ್ ಎದುರು ನೈಲ್ ನದಿಯ ಪಶ್ಚಿಮ ದಂಡೆಯ ದೇರ್ ಎಲ್-ಮದೀನಾದಲ್ಲಿ, ರಾಜರ ಗೋರಿ ಕೊರೆದ ಕೆಲಸಗಾರರ ಹಳ್ಳಿಯಲ್ಲಿ, ಮನೆಗಳ ಮುಂದಿನ ಕೋಣೆಗಳ ಗೋಡೆಗೂಡುಗಳೇ ಪೂಜೆಯ ಜಾಗ. ಅಲ್ಲಿ ಸಿಕ್ಕ ಹಿರಿಯರ ಸ್ಮಾರಕಕಲ್ಲುಗಳಲ್ಲಿ ‘ಅಖ್ ಇಕೆರ್ ಎನ್ ರಾ’, ‘ಸೂರ್ಯದೇವ ರಾನ ಸಮರ್ಥ ಅಖ್’, ಎಂದು ಬರೆದಿದೆ. ಐವತ್ತಕ್ಕೂ ಹೆಚ್ಚು ಇಂಥ ಕಲ್ಲುಗಳು ಉಳಿದಿವೆ, ಹೆಚ್ಚಿನವು ಒಂದು ಗೇಣಿಗಿಂತ ದೊಡ್ಡವಲ್ಲ. ತೀರಿಕೊಂಡವರು ಕುಳಿತಿರುತ್ತಾರೆ, ಒಂದು ಕೈಯಲ್ಲಿ ಹೂವು, ಇನ್ನೊಂದು ಕೈ ಎಡೆಯ ಕಡೆಗೆ ಚಾಚಿರುತ್ತದೆ. ನೀವು ಕಟ್ಟಬೇಕಾದ್ದು ಆ ಚಿತ್ರವನ್ನೇ: ಅಮ್ಮ, ಹೂವು, ಎಡೆ.

45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಒಂದು ಹಲಗೆ ಸಾಕು. ಎದೆಯ ಎತ್ತರದಲ್ಲಿರಲಿ, ನೆಲದಲ್ಲಿ ಕೂರುವವರಾದರೆ ಮಣೆ ಸಾಕು. ನೀವು ಅದರ ಎದುರು ನಿಂತಾಗ ಮುಖ ಪಶ್ಚಿಮಕ್ಕಿರುವಂತೆ ಗೋಡೆ ಆರಿಸಿ. ನಮ್ಮಲ್ಲಿ ಪಿತೃಗಳ ದಿಕ್ಕು ದಕ್ಷಿಣ, ಅಲ್ಲಿ ಸತ್ತವರ ನಾಡೇ ‘ಪಶ್ಚಿಮ’. ಪಶ್ಚಿಮದ ಗೋಡೆಯಲ್ಲಿ ಕಕ್ಕಸು, ಸಿಂಕ್ ಬಂದಿದ್ದರೆ ಚಿಂತೆ ಬೇಡ, ಬೇರೆ ಗೋಡೆಗಿಟ್ಟು ಮಾತಿನಲ್ಲಿ ಪಶ್ಚಿಮವನ್ನು ಕರೆದರಾಯಿತು. ದೇವರ ಮನೆಯಲ್ಲಿ ಮಾತ್ರ ಬೇಡ. ದೇವತೆಗಳ ಪೀಠ, ಅಖು ಪೀಠ ಬೇರೆ ಬೇರೆ ಇರಬೇಕೆಂಬುದು ಇಂದಿನ ಕೆಮೆಟಿಕ್ ರೂಢಿ. ತೀರಿಕೊಂಡವರ ಫೋಟೋವನ್ನು ದೇವರ ಪಟಗಳ ಸಾಲಿಗೆ ಸೇರಿಸದ ನಮ್ಮ ಮನೆಗಳ ಪದ್ಧತಿಗೂ ಇದು ಹೊಂದುತ್ತದೆ.

ಬೇಕಾದ್ದು: ಒಂದು ಬಿಳಿ ಬಟ್ಟೆ (ನಾರಗಸೆಯದಾದರೆ ಒಳ್ಳೆಯದು, ಇಲ್ಲದಿದ್ದರೆ ಹತ್ತಿ), ಅಮ್ಮ ಒಬ್ಬರೇ ಇರುವ ಫೋಟೋ, ಅಂಚು ಎದ್ದಿರುವ ತಟ್ಟೆ, ಅರ್ಧ ಲೀಟರ್ ಹಿಡಿಯುವ ಬಟ್ಟಲು, ಮೂತಿಯಿರುವ ಪಾತ್ರೆ, ಹಣತೆ, ಧೂಪದ ಪಾತ್ರೆ. ಮೂತಿಯ ಪಾತ್ರೆಗೆ ಕರಾವಳಿಯ ಗಿಂಡಿಯಷ್ಟು ಚೆನ್ನಾಗಿ ಹೊಂದುವುದು ಬೇರೊಂದಿಲ್ಲ. ಈಜಿಪ್ಟಿನ ‘ಹೆಸ್’ ಪಾತ್ರೆಯ ಕೆಲಸವೂ ಇದೇ, ಸಣ್ಣ ಧಾರೆ ಬಿಡುವುದು. ತಟ್ಟೆಗೆ ಅಂಚು ಯಾಕೆಂದರೆ, ಅಲ್ಲಿ ನೀರು ಎಡೆಯ ಮೇಲೆ ಹರಿದು ಒಂದೆಡೆ ಸೇರುತ್ತಿತ್ತು. ಬಡವರು ಕಲ್ಲಿನ ಪೀಠ ಕೊಳ್ಳಲಾಗದೆ ಗೋರಿಯ ಮೇಲೆ ಮಣ್ಣಿನ ತಟ್ಟೆ ಇಡುತ್ತಿದ್ದರು. ಅದರಲ್ಲೇ ರೊಟ್ಟಿ, ಎತ್ತಿನ ಕಾಲು ಮಣ್ಣಿನಲ್ಲಿ ಮೂಡಿಸಿ, ನೀರು ಹರಿಯಲು ಕಾಲುವೆ ಬಿಟ್ಟಿರುತ್ತಿತ್ತು. ಈಜಿಪ್ಟಿನ ರಿಫೆ ಎಂಬಲ್ಲಿ ಇಂಥವು ಗುಂಪುಗುಂಪಾಗಿ ಸಿಕ್ಕಿವೆ. ದುಡ್ಡಿಲ್ಲವೆಂದು ವಿಧಿ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಫೋಟೋದಲ್ಲಿ ಬದುಕಿರುವವರು ಇರಬಾರದು ಎಂಬುದು ಇಂದಿನವರ ಬಿಗಿಯಾದ ನಿಯಮ. ಹಳೆಯ ಗೋರಿಚಿತ್ರಗಳಲ್ಲಿ ಎಡೆ ಹಿಡಿದು ನಿಂತ ಮಕ್ಕಳು ಬದುಕಿದ್ದವರೇ, ಹಾಗಾಗಿ ಇದು ಪ್ರಾಚೀನ ನಿಷೇಧವಲ್ಲ. ಆದರೂ ಪಾಲಿಸಿ ಎನ್ನುತ್ತೇನೆ. ಅಪ್ಪ ಅಥವಾ ಅಣ್ಣ ಮನೆಗೆ ಬಂದು ತಮ್ಮ ಮುಖದ ಮುಂದೆ ಧೂಪ ಹಾಕಿರುವುದನ್ನು ಕಂಡರೆ ಆಗುವ ಕಸಿವಿಸಿ ಸಣ್ಣದಲ್ಲ.

ಹೂವಿನ ವಿಷಯದಲ್ಲಿ ಎಲ್ಲರೂ ‘ಈಜಿಪ್ಟಿನ ಕಮಲ’ ಎಂದು ತಾವರೆ ತರುತ್ತಾರೆ. ಆ ಕಲ್ಲುಗಳಲ್ಲಿರುವುದು ತಾವರೆಯಲ್ಲ, ನೈದಿಲೆ. ತಾವರೆ ಈಜಿಪ್ಟಿಗೆ ಬಂದದ್ದು ಬಹಳ ತಡವಾಗಿ, ಪರ್ಷಿಯನ್ನರ ಕಾಲದ ಹೊತ್ತಿಗೆ. ನೀಲಿ ನೈದಿಲೆ ಸಿಕ್ಕರೆ ಒಂದೇ ಒಂದು ತನ್ನಿ, ಇಲ್ಲದಿದ್ದರೆ ಅಮ್ಮ ಮುಡಿಯುತ್ತಿದ್ದ ಹೂವು.

ಹೆಸರು ಬರೆಯುವಾಗ ಬಹಳ ಜನ ಎಡವುತ್ತಾರೆ. ಹೆಸರನ್ನು ಚಿತ್ರಲಿಪಿಯಲ್ಲಿ ಬರೆಸಿ ಸುತ್ತ ಉದ್ದನೆಯ ಉಂಗುರ ಹಾಕಿಸುತ್ತಾರೆ, ಪ್ರವಾಸಿಗರ ಅಂಗಡಿಯಲ್ಲಿ ಮಾರುವ ಹಾಗೆ. ಆ ಉಂಗುರ ಅರಸು ಮನೆತನದ ಹೆಸರುಗಳಿಗೆ ಮಾತ್ರ. ದೇರ್ ಎಲ್-ಮದೀನಾದ ಯಾವ ಗೃಹಿಣಿಗೂ ಅದಿರಲಿಲ್ಲ. ಕನ್ನಡದಲ್ಲೇ ಬರೆಯಿರಿ: ‘ಒಸೈರಿಸ್’ (ತೀರಿಕೊಂಡವರನ್ನೂ ಆ ಹೆಸರಿನಿಂದಲೇ ಕರೆಯುತ್ತಿದ್ದರು), ಆಮೇಲೆ ಅಮ್ಮನ ಪೂರ್ತಿ ಹೆಸರು, ಆಮೇಲೆ ‘ಮಾತ್-ಖೆರು’. ಗಂಡಸಿಗಾದರೆ ಮಾ-ಖೆರು, ಹೆಂಗಸಿಗೆ ಮಾತ್-ಖೆರು. ಹೆಸರಿಗೆ ‘ರೆನ್’ ಎನ್ನುತ್ತಾರೆ. ಒಬ್ಬರನ್ನು ಇಲ್ಲವಾಗಿಸಬೇಕೆಂದಾಗ ಗೋಡೆಯಿಂದ ಮೊದಲು ಕೆತ್ತಿ ತೆಗೆಯುತ್ತಿದ್ದದ್ದೇ ರೆನ್. ಅಮ್ಮ ಎಂದು ಕರೆದರೂ ಒಮ್ಮೆಯಾದರೂ ಪೂರ್ತಿ ಹೆಸರು ಬಾಯಲ್ಲಿ ಬರಲಿ.

ಈಗ ಶುದ್ಧಿ. ನೇಟ್ರನ್ ಅಂದರೆ ಕೈರೋದ ವಾಯವ್ಯದ ವಾದಿ ನತ್ರೂನ್ ಕೆರೆಗಳಲ್ಲಿ ಒಣಗಿ ಸಿಗುವ ಸೋಡಾ ಉಪ್ಪು. ನಮ್ಮ ಚೌಳು ಮಣ್ಣಿನ ದೂರದ ನೆಂಟ ಎನ್ನಬಹುದು. ಮನೆಯಲ್ಲಿ 3 ಚಮಚ ಅಡುಗೆ ಸೋಡಾ, 1 ಚಮಚ ಪುಡಿ ಉಪ್ಪು ಬೆರೆಸಿ ಒಣಗಿದ ಗಾಜಿನ ಡಬ್ಬಿಯಲ್ಲಿಡಿ. ಕೈ, ಮುಖ ತೊಳೆಯಲು ಒಂದು ಲೀಟರ್ ನೀರಿಗೆ ಅರ್ಧ ಚಮಚ. ಬಾಯಿ ಮುಕ್ಕಳಿಸಲು ಅರ್ಧ ಲೋಟಕ್ಕೆ ಎರಡು ಬೆರಳ ಚಿಟಿಕೆ, ಉಗುಳಬೇಕು, ನುಂಗಬಾರದು. ತಪ್ಪುವುದು ಮೂರು ಕಡೆ. ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಹಾಕಿದರೆ ಬಾಯಿ ಸುಡುತ್ತದೆ. ಬೇಕಿಂಗ್ ಪೌಡರ್‌ನಲ್ಲಿ ಹುಳಿ ಬೆರೆತಿರುವುದರಿಂದ ನೀರಿಗೆ ಬಿದ್ದೊಡನೆ ನೊರೆಯೆದ್ದು ಸತ್ವ ಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಿದರೆ ಪಾತ್ರೆ ಕಪ್ಪಾಗುತ್ತದೆ. ಬಾಯಿ ತೊಳೆಯುವುದನ್ನು ಮಾತ್ರ ಬಿಡಬೇಡಿ, ಏಕೆಂದರೆ ಈ ವಿಧಿಯ ಮುಖ್ಯ ಸಾಧನ ಬಾಯಿಯೇ.

ಯಾಕೆಂದು ಹೇಳುತ್ತೇನೆ. ಎಡೆಗೆ ಈಜಿಪ್ಟಿನ ಮಾತು ‘ಪೆರೆತ್-ಖೆರು’, ‘ದನಿ ಹೊರಡುವುದು’. ಪದಾರ್ಥವಲ್ಲ, ದನಿ. ಗೋರಿಗಳ ಬಾಗಿಲಲ್ಲಿ ದಾರಿಹೋಕರನ್ನು ಬೇಡುವ ಬರಹಗಳಿವೆ: ನಿನ್ನ ಕೈಯಲ್ಲಿ ಏನಿಲ್ಲದಿದ್ದರೂ ಸರಿ, ಸಾವಿರ ರೊಟ್ಟಿ ಸಾವಿರ ಬಿಯರ್ ಎಂದು ಬಾಯಲ್ಲಿ ಹೇಳಿ ಹೋಗು, ಖರ್ಚಾಗುವುದು ಉಸಿರು ಮಾತ್ರ. ನಿಮ್ಮ ಬಿಯರ್, ಮಾಂಸದ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಇಡಲೇಬೇಕಾದ್ದು ನೀರು, ಹೇಳಲೇಬೇಕಾದ್ದು ಮಾತು. ಉಳಿದದ್ದು ಸಾಧ್ಯವಿದ್ದಷ್ಟು.

ರೊಟ್ಟಿಗೆ ಒಂದು ಚಪಾತಿಯೋ ಗೋಧಿ ರೊಟ್ಟಿಯೋ ಸಾಕು. ಬಿಯರ್ ಇಡುವವರು ಅರ್ಧ ಲೋಟ ಇಡುತ್ತಾರೆ. ಅಮ್ಮ ಮುಟ್ಟದ್ದನ್ನು ಇಡಬೇಡಿ. ಅಂದಿನ ಬಿಯರ್ ಮಂದವಾದ, ಹೊಟ್ಟೆ ತುಂಬುವ, ಹುದುಗಿದ ಧಾನ್ಯದ ಪಾನೀಯ. ಅದಕ್ಕೆ ಇಂದಿನ ಬಾಟಲಿಯ ಬಿಯರ್‌ಗಿಂತ ನಮ್ಮ ಹುಳಿ ಅಂಬಲಿಯೇ ಹತ್ತಿರ ಎಂದು ನನ್ನ ಅಭಿಪ್ರಾಯ. ಬಾರ್ಲಿ ನೀರೂ ಆದೀತು. ಮಾಂಸದ ಜಾಗಕ್ಕೆ ಹಾಲು, ಅಂಜೂರ. ಎರಡೂ ಹಳೆಯ ಎಡೆಪಟ್ಟಿಗಳಲ್ಲಿವೆ. ಮೀನಿನ ಬಗ್ಗೆ ಕೇಳುವವರೂ ಇದ್ದಾರೆ. ಈಜಿಪ್ಟನ್ನು ಗೆದ್ದ ನೂಬಿಯಾದ ರಾಜ ಪಿಯೆಯ ಶಾಸನದಲ್ಲಿ ಮೀನು ತಿನ್ನುವ ಅರಸರಿಗೆ ಅರಮನೆಯ ಪ್ರವೇಶ ತಪ್ಪಿದ ಪ್ರಸಂಗವಿದೆ, ಅದರಿಂದ ಕೆಲವರು ಮೀನನ್ನು ದೂರವಿಡುತ್ತಾರೆ. ಆದರೆ ದೇರ್ ಎಲ್-ಮದೀನಾದ ಕೆಲಸಗಾರರಿಗೆ ಕೂಲಿಯ ಭಾಗವಾಗಿ ಮೀನು ಬರುತ್ತಿತ್ತು. ತೀರಿಕೊಂಡವರು ಮೀನು ಪ್ರಿಯರಾಗಿದ್ದರೆ ನಾನಂತೂ ಬೇಡವೆನ್ನಲಾರೆ.

ಕ್ರಮ ಹೀಗೆ. ಸಂಜೆ, ಹೊತ್ತು ಮುಳುಗುವ ಸಮಯ ನಿಗದಿ ಮಾಡಿಕೊಳ್ಳಿ. ಕೈಬಾಯಿ ತೊಳೆದು, ಹಲಗೆ ಒರೆಸಿ, ಬಟ್ಟೆ ಹಾಸಿ, ಫೋಟೋ, ಹೂವು, ಎಡೆಯ ತಟ್ಟೆ, ಬಟ್ಟಲು ಇಡಿ. ಹಣತೆ ಹಚ್ಚಿ, ಅದು ಫೋಟೋದಿಂದ ಒಂದು ಗೇಣು ದೂರವಿರಲಿ. ಕೆಂಡದ ಮೇಲೆ ಕಡಲೆಕಾಳಿನಷ್ಟು ಧೂಪ ಹಾಕಿ. ಧೂಪಕ್ಕೆ ‘ಸೆನೆಚೆರ್’, ‘ದೈವವಾಗಿಸುವುದು’, ಎಂದು ಹೆಸರು. ಈಜಿಪ್ಟಿನ ಮಿರ್ ಎಂಬ ಅಂಟಿಗೂ ನಮ್ಮ ಗುಗ್ಗುಳಕ್ಕೂ ಒಂದೇ ಕುಲ, ಹಾಗಾಗಿ ಶುದ್ಧ ಗುಗ್ಗುಳ ಸಿಕ್ಕರೆ ಪರದೇಶದ್ದನ್ನು ಹುಡುಕಬೇಕಿಲ್ಲ. ಸಣ್ಣ ಕೋಣೆಯಲ್ಲಿ ಕಿಟಕಿ ತೆರೆದೇ ಇರಲಿ. ಇದ್ದಿಲಿನಿಂದ ವಾಸನೆಯಿಲ್ಲದ ವಿಷಾನಿಲ ಬರುತ್ತದೆ. ಕಿಟಕಿಯಿಲ್ಲದ ಕೋಣೆಯಾದರೆ ಧೂಪ ಬಿಡಿ.

ಬಳಿಕ ಗಿಂಡಿ ಎತ್ತಿ, ಸುಮಾರು ಒಂದು ಲೋಟ ನೀರನ್ನು ತೆಳುವಾಗಿ ಬಟ್ಟಲಿಗೆ ಎರೆಯುತ್ತ ಹೇಳಿ: ‘ಇದೋ ನಿನ್ನ ತಂಪು ನೀರು, ಒಸೈರಿಸ್. ಇದೋ ನಿನ್ನ ತಂಪು ನೀರು, ಅಮ್ಮ. ನಿನ್ನ ಮಗಳ ಕೈಯಿಂದ ಬಂದದ್ದು.’ ಈ ಮಾತಿನ ಮೂಲ ಸಕ್ಕಾರಾದಲ್ಲಿರುವ ರಾಜ ಉನಾಸನ ಪಿರಮಿಡ್ಡಿನ ಒಳಗೋಡೆಯಲ್ಲಿದೆ, ನಾಲ್ಕು ಸಾವಿರ ವರ್ಷಕ್ಕೂ ಹಳೆಯದು; ಅಲ್ಲಿ ‘ನಿನ್ನ ಮಗನಿಂದ ಬಂದದ್ದು’ ಎಂದಿದೆ. ಮಗಳಾದವಳು ಮಗಳೆಂದೇ ಹೇಳಬೇಕು. ನೀರಿಗೆ ಅಲ್ಲಿರುವ ಪದ ‘ಕೆಬೆಹು’, ತಂಪಾದದ್ದು, ಆದ್ದರಿಂದ ಮಣ್ಣಿನ ಹೂಜಿಯ ನೀರಾದರೆ ಚೆಂದ.

ಆಮೇಲೆ ಎಡೆಯ ಮೇಲೆ ಬಲಗೈ ಚಾಚಿ, ಅಂಗೈ ಕೆಳಗೆ ಮಾಡಿ, ಎಡೆಮಂತ್ರ. ಇದು ಬಹಳಷ್ಟು ಗೋರಿಗಳಲ್ಲಿ ಸಣ್ಣಪುಟ್ಟ ಬದಲಾವಣೆಯೊಂದಿಗೆ ಸಿಗುತ್ತದೆ:

ಹೆತೆಪ್ ದಿ ನೆಸು ವೆಸಿರ್, ನೆಬ್ ಜೆದು, ನೆಚೆರ್ ಆ, ನೆಬ್ ಅಬ್ಜು. ದಿ-ಎಫ್ ಪೆರೆತ್-ಖೆರು, ತಾ, ಹೆಂಕೆತ್, ಕಾಉ, ಅಪೆದು, ಶೆಸ್, ಮೆನ್ಖೆತ್, ಖೆತ್ ನೆಬೆತ್ ನೆಫೆರೆತ್ ವಾಬೆತ್, ಎನ್ ಕಾ ಎನ್ (ಹೆಸರು) ಮಾತ್-ಖೆರು.

ಅರ್ಥ: ಜೆದುವಿನ (ಬುಸಿರಿಸ್ ಊರಿನ) ಒಡೆಯ, ದೊಡ್ಡ ದೇವರು, ಅಬ್ಜುವಿನ (ಅಬೈಡಾಸ್ ಊರಿನ) ಒಡೆಯ ಒಸೈರಿಸ್‌ಗೆ ಅರಸನು ಕೊಡುವ ಕಾಣಿಕೆ, ಅವನು ರೊಟ್ಟಿ, ಬಿಯರ್, ಎತ್ತು, ಹಕ್ಕಿ, ಆಲಬಾಸ್ಟರ್, ಬಟ್ಟೆ, ಚೆನ್ನಾದ ಶುದ್ಧವಾದ ಎಲ್ಲವನ್ನೂ ಇಂಥವರ ಕಾ ಎಂಬುದಕ್ಕೆ ಕೊಡಲಿ. ಈಜಿಪ್ಟಿನವರು ಸ್ವರಗಳನ್ನು ಬರೆಯುತ್ತಿರಲಿಲ್ಲ, ಈ ಉಚ್ಚಾರ ವಿದ್ವಾಂಸರ ಅನುಕೂಲಕ್ಕೆ ಮಾಡಿಕೊಂಡದ್ದು. ಆದ್ದರಿಂದ ಉಚ್ಚಾರ ತಪ್ಪೀತೆಂದು ತಡವರಿಸುವುದಕ್ಕಿಂತ ಕನ್ನಡದಲ್ಲಿ ನಿಚ್ಚಳವಾಗಿ ಹೇಳುವುದು ಮೇಲು. ‘ಎತ್ತು, ಹಕ್ಕಿ’ ಬದಲು ‘ಹಾಲು, ಅಂಜೂರ’ ಎನ್ನಿ, ಆಮೇಲೆ ಅಮ್ಮನಿಗೆ ಇಷ್ಟವಾದದ್ದನ್ನು ಸೇರಿಸಿ, ಪ್ರತಿಯೊಂದಕ್ಕೂ ‘ಸಾವಿರ’ ಹಚ್ಚಿ: ಸಾವಿರ ರೊಟ್ಟಿ, ಸಾವಿರ ಲೋಟ ಕಾಫಿ. ಕಾಫಿ ಅಂದಾಗ ಗಂಟಲು ಕಟ್ಟಿದರೆ ನಿಲ್ಲಿಸಿ, ಅತ್ತು, ಮುಂದುವರಿಸಿ. ಅಳು ಅಶುದ್ಧಿಯಲ್ಲ, ಐಸಿಸ್ ಮತ್ತು ಅವಳ ತಂಗಿ ನೆಫ್ತಿಸ್ ಒಸೈರಿಸ್‌ನ ಮೇಲೆ ಬಿದ್ದು ಅತ್ತದ್ದೂ ವಿಧಿಯ ಭಾಗವೇ.

ಕಾಲು ಗಂಟೆ ಕೂತಿರಿ. ಅದಕ್ಕಿಂತ ಹೆಚ್ಚು ಬೇಡ, ವಿಶೇಷವಾಗಿ ಮೊದಲ ವರ್ಷ. ಮುಗಿಯದ ವಿಧಿ ದುಃಖವನ್ನು ಕೆದಕುತ್ತದೆ. ನಿದ್ದೆ, ಊಟ ಬಿಟ್ಟುಹೋಗಿ ದಿನವಿಡೀ ಆ ಹಲಗೆಯ ಮುಂದೆಯೇ ಕೂರುವಂತಾದರೆ ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿ.

ಎಡೆಯನ್ನು ಎತ್ತಿ ನೀವೇ ಊಟ ಮಾಡಬೇಕು. ಗುಡಿಗಳಲ್ಲಿ ದೇವರ ಮುಂದಿಟ್ಟದ್ದು ಗೋರಿಗಳಿಗೆ, ಅಲ್ಲಿಂದ ಪೂಜಾರಿಗಳ ಮನೆಗೆ ತಿರುಗುತ್ತಿತ್ತು. ಆ ತಿರುಗುವಿಕೆಯಿಲ್ಲದೆ ಎಡೆ ಪೂರ್ತಿಯಾಗದು. ರಾತ್ರಿಯಿಡೀ ಬಿಟ್ಟರೆ ಇರುವೆ, ಜಿರಳೆ, ಹಳಸಿದ ವಾಸನೆ. ಹಳಸಿದ ಎಡೆ ಹಿರಿಯರಿಗೆ ಅವಮಾನ. ನೀರನ್ನು ಗಿಡದ ಬುಡಕ್ಕೆ ಹಾಕಿ, ಆದರೆ ಹಾಲು ಬೆರೆತಿದ್ದರೆ ಕುಂಡಕ್ಕೆ ಬೇಡ, ಬುಡದಲ್ಲಿ ಬೂಸ್ಟು ಬರುತ್ತದೆ. ಕೊನೆಗೆ ಸಣ್ಣ ಕೈಪೊರಕೆಯಿಂದ ನಿಂತ ಜಾಗವನ್ನು ಗುಡಿಸುತ್ತ ಹಿಂದೆ ಹಿಂದೆ ಬನ್ನಿ. ಇದು ‘ಇನೆತ್-ರೆದ್’, ಹೆಜ್ಜೆಯ ಗುರುತು ಅಳಿಸುವುದು, ಗೋರಿಚಿತ್ರಗಳಲ್ಲಿ ಪೂಜಾರಿ ಪೊರಕೆ ಎಳೆದುಕೊಂಡು ಹೊರನಡೆಯುವ ದೃಶ್ಯ. ದೀಪ ಹಚ್ಚಿದ ಮೇಲೆ ಗುಡಿಸಬಾರದೆಂದು ಮನೆಯಲ್ಲಿ ಆಕ್ಷೇಪ ಬಂದರೆ ಒದ್ದೆ ಬಟ್ಟೆಯಿಂದ ಒರೆಸಿ, ಅರ್ಥ ಕೆಡದು.

ಎಷ್ಟು ದಿನಕ್ಕೊಮ್ಮೆ? ದಿನವೂ ಮಾಡುತ್ತೇನೆಂದು ಹೊರಟವರು ತಿಂಗಳೊಳಗೆ ಬಿಡುತ್ತಾರೆ, ಬಿಟ್ಟ ಮೇಲೆ ಅಪರಾಧಭಾವ. ಹಳೆಯ ಲಯ ಹತ್ತು ದಿನದ್ದು, ವಾಹ್-ಮುಗಳು ನೀರೆರೆದದ್ದೂ ಆ ಲೆಕ್ಕದಲ್ಲೇ. ತಿಂಗಳ 1, 11, 21ನೇ ತಾರೀಕು ಗುರುತು ಹಾಕಿಕೊಳ್ಳಿ. ಊರಿಗೆ ಹೋಗಿದ್ದರೆ ಒಂದು ಲೋಟ ನೀರು, ಹೆಸರು, ಇಷ್ಟೇ ಸಾಕು.

ವರ್ಷದಲ್ಲಿ ಎರಡು ಹಬ್ಬ ಮುಖ್ಯ. ವಾಗ್ ಹಬ್ಬ, ವರ್ಷದ ಮೊದಲ ತಿಂಗಳ 18ನೇ ದಿನ. ಅಸ್ಯೂತ್ ಎಂಬ ಊರಿನ ಅಧಿಕಾರಿ ಹಪಿಜೆಫಾ ತನ್ನ ಪ್ರತಿಮೆಗೆ ರೊಟ್ಟಿ, ಬಿಯರ್, ದೀಪದ ಬತ್ತಿ ತಪ್ಪಬಾರದೆಂದು ಪೂಜಾರಿಗಳೊಡನೆ ಹತ್ತು ಕರಾರು ಬರೆಸಿ ಗೋರಿಯ ಗೋಡೆಗೆ ಕೆತ್ತಿಸಿದ. ಅದರಲ್ಲಿ ಮತ್ತೆ ಮತ್ತೆ ಬರುವ ದಿನಗಳಲ್ಲಿ ಇದೂ ಒಂದು. ಹೊಸವರ್ಷ ಲುಬ್ಧಕ ನಕ್ಷತ್ರ ಮತ್ತೆ ಮುಂಜಾನೆ ಕಾಣುವುದರಿಂದ ಶುರು. ದಕ್ಷಿಣಕ್ಕೆ ಹೋದಷ್ಟು ಅದು ಬೇಗ ಕಾಣುತ್ತದೆ, ಆದರೆ ಜುಲೈನಲ್ಲಿ ನಮ್ಮ ಮಳೆಮೋಡದಲ್ಲಿ ನೋಡಿ ಹಿಡಿಯುವುದು ಕಷ್ಟ. ಆಗಸ್ಟ್ 1 ಎಂದು ಇಟ್ಟುಕೊಂಡರೆ ವಾಗ್ ಆಗಸ್ಟ್ 18ಕ್ಕೆ ಬೀಳುತ್ತದೆ. ಇನ್ನೊಂದು ಕಣಿವೆಯ ಸುಂದರ ಹಬ್ಬ: ಥೀಬ್ಸಿನ ದೇವರು ಅಮುನ್ ತನ್ನ ಗುಡಿಯಿರುವ ಕಾರ್ನಾಕ್‌ನಿಂದ ನೈಲ್ ದಾಟಿ ಪಶ್ಚಿಮಕ್ಕೆ ಬರುವಾಗ ಜನ ತಮ್ಮವರ ಗೋರಿಗಳಲ್ಲಿ ಉಂಡು ರಾತ್ರಿ ಕಳೆಯುತ್ತಿದ್ದರು. ಅದು ಹತ್ತನೆಯ ತಿಂಗಳ ಅಮಾವಾಸ್ಯೆಗೆ. ಮೇಲಿನ ಲೆಕ್ಕದಲ್ಲಿ ಏಪ್ರಿಲ್ ಕೊನೆಯಿಂದ ಮೇ ಕೊನೆಯೊಳಗೆ ಬರುವ ಅಮಾವಾಸ್ಯೆ, ಗೋಡೆಯ ಕ್ಯಾಲೆಂಡರಿನಲ್ಲೇ ಸಿಗುತ್ತದೆ. ಆ ದಿನ ಒಬ್ಬರೇ ಮಾಡಬೇಡಿ. ಅಮ್ಮನನ್ನು ಬಲ್ಲವರನ್ನು ಊಟಕ್ಕೆ ಕರೆಯಿರಿ.

ಕೊನೆಯದಾಗಿ, ಹೇಳಲಾಗದೆ ಉಳಿದ ಮಾತಿದ್ದರೆ ಪತ್ರ ಬರೆಯಬಹುದು. ಇದೂ ಹಳೆಯದೇ. ಲಂಡನ್ನಿನ ಪೆಟ್ರಿ ಮ್ಯೂಸಿಯಂನಲ್ಲಿರುವ, ಈಜಿಪ್ಟಿನ ಕಾವ್‌ನಲ್ಲಿ ಸಿಕ್ಕ ಮಣ್ಣಿನ ಬಟ್ಟಲಿನ ಮೇಲೆ ಶೆಪ್ಸಿ ಎಂಬವನು ತೀರಿಹೋದ ತಂದೆಗೂ ತಾಯಿಗೂ ಬರೆದಿದ್ದಾನೆ. ತಾಯಿಗೆ ನೆನಪಿಸುವುದು: ಬುರ್ಲಿಹಕ್ಕಿ ತಿನ್ನಬೇಕು, ತಾ ಎಂದೆ, ಏಳು ತಂದೆ, ನೀನು ತಿಂದೆ. ಆಮೇಲೆ ತನ್ನ ಕಷ್ಟ. ಬರೆಯುವ ಕ್ರಮ ಇದೇ ಇರಲಿ: ಹೆಸರು, ನಿಮ್ಮಿಬ್ಬರಿಗೇ ಗೊತ್ತಿರುವ ಒಂದು ನೆನಪು, ಆಮೇಲೆ ಹೇಳಬೇಕಾದ್ದು, ಒಂದೇ ವಿಷಯ. ಬಟ್ಟಲಿಗೇ ಬರೆದದ್ದು ಉಣ್ಣಲು ಬಂದವರ ಕಣ್ಣಿಗೆ ಬೀಳಲೆಂದು. ನೀವು ಕಾಗದದಲ್ಲಿ ಬರೆದು ನೀರಿನ ಬಟ್ಟಲಿನ ಕೆಳಗೆ ಮಡಿಸಿಡಿ. ಶಾಯಿ ಪೆನ್ನಾದರೆ ನೀರು ತಾಗಿ ಕದಡುತ್ತದೆ, ಪೆನ್ಸಿಲ್ ಅಥವಾ ಬಾಲ್‌ಪೆನ್ ಒಳ್ಳೆಯದು. ಮುಂದಿನ ಹತ್ತನೆಯ ದಿನ, ಹೊಸ ನೀರು ಎರೆಯುವ ಮುನ್ನ, ಪತ್ರ ತೆಗೆದು ಒಂದು ಡಬ್ಬಿಯಲ್ಲಿಟ್ಟುಕೊಳ್ಳಿ.